ಎಡೆದೊರೆ ನಾಡಿನಲ್ಲಿ ಯುದ್ಧ ಮತ್ತು ನಾಗರಿಕತೆ

ತಂಗಡಿಯ ಬಳಿ ಭೀಮೆಯನ್ನು ಕೂಡಿಕೊಂಡ ಕೃಷ್ಣೆ ನಮ್ಮ ಊರಿನ ಪಕ್ಕದಲ್ಲಿ ಹರಿದು ಗದ್ವಾಲದ ಕಡೆಗೆ ಸಾಗುತ್ತಾಳೆ. ಅವಳ ದಕ್ಷಿಣಕ್ಕೆ, ಒಂದು ದಿನದ ದಾರಿಯಷ್ಟು ದೂರದಲ್ಲಿ, ತುಂಗಭದ್ರೆ. ಇವೆರಡು ಹೊಳೆಗಳ ನಡುವಿನ ನೆಲವನ್ನು ಹಿಂದಿನವರು ‘ಎಡೆದೊರೆ’ ಎಂದು ಕರೆದರು. ಗದ್ವಾಲದ ತೆಲುಗು ಜನ ತಮ್ಮ ಭಾಗವನ್ನು ಇಂದಿಗೂ ‘ನಡಿಗಡ್ಡ’ ಎನ್ನುತ್ತಾರೆ. ಪಠ್ಯಪುಸ್ತಕಗಳು ಪಾರಸಿಯ ಮಾತನ್ನು ಹಿಡಿದು ‘ರಾಯಚೂರು ದೋಆಬ್’ ಎನ್ನುತ್ತವೆ. ಮೂರು ಭಾಷೆಗಳ ಮೂರು ಹೆಸರುಗಳಿಗೂ ಅರ್ಥ ಹೆಚ್ಚುಕಡಿಮೆ ಒಂದೇ. ಕಪ್ಪು ಮಣ್ಣು, ಹತ್ತಿ, ಜೋಳ, ದಾಟಲು ಬರುವ ಹೊಳೆಯ ಹಾದಿಗಳು, ರಾಯಚೂರು ಮತ್ತು ಮುದಗಲ್ಲಿನಂಥ ದುರ್ಗಗಳು ಇದ್ದ ಈ ನೆಲಕ್ಕಾಗಿ ನಡೆದಷ್ಟು ಯುದ್ಧಗಳು ದಖ್ಖನಿನ ಬೇರಾವ ಭಾಗಕ್ಕಾಗಿಯೂ ನಡೆದಿರಲಾರವು. ರಾಜೇಂದ್ರ ಚೋಳನ ಪ್ರಶಸ್ತಿಯಲ್ಲಿ ಅವನು ಗೆದ್ದ ನಾಡುಗಳ ಪಟ್ಟಿಯಲ್ಲಿ ಎಡೆದೊರೆಯ ಹೆಸರಿದೆ. ಅವನಿಗಿಂತ ಮೊದಲೂ ಅವನ ನಂತರವೂ ಇಂಥ ಪಟ್ಟಿಗಳಿಗೆ ಕೊರತೆಯಿರಲಿಲ್ಲ.

ಶತಮಾನೋತ್ಸವದ ಸಂಪುಟದಲ್ಲಿ ಯುದ್ಧದ ಮಾತೇಕೆ ಎಂದು ಓದುಗರು ಕೇಳಬಹುದು. ನಮ್ಮ ತರಗತಿಗಳಲ್ಲಿ ಮನೆಯಲ್ಲಿ ಕನ್ನಡ ಆಡುವ ಮಕ್ಕಳಿದ್ದಾರೆ, ತೆಲುಗು ಆಡುವವರಿದ್ದಾರೆ, ಉರ್ದು ಆಡುವವರೂ ಇದ್ದಾರೆ. ಹೊಳೆಯ ಆಚೆ ದಡದಲ್ಲಿ ನಡೆದ ಯುದ್ಧ ಅವರಿಗೆ ಪರೀಕ್ಷೆಯಲ್ಲಿ ಒಂದು ಇಸವಿಯಾಗಿ, ಗೆದ್ದವರ ಮತ್ತು ಸೋತವರ ಒಂದೊಂದು ಹೆಸರಾಗಿ ಬರುತ್ತದೆ. ಆ ಹೆಸರುಗಳಲ್ಲಿ ಯಾವುದು ‘ನಮ್ಮದು’ ಎಂದು ಮಗು ಕೇಳಿದರೆ ಉಪಾಧ್ಯಾಯರು ಏನು ಹೇಳಬೇಕು? ಈ ಲೇಖನ ಆ ಪ್ರಶ್ನೆಯ ಸುತ್ತ ಬರೆದದ್ದು.

ಯುದ್ಧದಿಂದಲೇ ನಾಗರಿಕತೆ ಬೆಳೆಯಿತು ಎಂಬ ವಾದವೊಂದಿದೆ. ಕೋಟೆ ಕಟ್ಟುವ ವಿದ್ಯೆ, ಉಕ್ಕಿನ ಹದ, ರಸ್ತೆ, ಲೆಕ್ಕಪತ್ರ, ಆಡಳಿತ ಇವೆಲ್ಲ ಕಾದಾಟದ ಒತ್ತಡದಲ್ಲಿ ಹುಟ್ಟಿದವು ಎನ್ನುತ್ತಾರೆ. ಇದನ್ನು ಪೂರ್ತಿ ಸುಳ್ಳೆನ್ನಲಾಗದು. ಆದರೆ ಈ ವಾದವನ್ನು ಒಪ್ಪುವ ಮೊದಲು ರಾಯಚೂರು ಕೋಟೆಯ ಪಶ್ಚಿಮದ ಗೋಡೆಯಲ್ಲಿರುವ ಒಂದು ಕಲ್ಲನ್ನು ನೋಡಿಬರಬೇಕು. 41 ಅಡಿಗೂ ಮಿಕ್ಕಿದ ಉದ್ದದ ಒಂದೇ ಬಂಡೆ ಅದು. ಅದರ ಮೇಲಿನ 1294ರ ತೆಲುಗು ಶಾಸನವು, ಕಾಕತೀಯರ ಕಡೆಯ ಗೋರೆ ಗಂಗಯ್ಯ ರೆಡ್ಡಿಯ ದಂಡನಾಯಕ ವಿಠಲನಾಥನು ಆದವಾನಿ, ಮಾನುವೆ ಮೊದಲಾದ ದುರ್ಗಗಳನ್ನು ಗೆದ್ದು ಈ ಕೋಟೆಯನ್ನು ಕಟ್ಟಿಸಿದನೆಂದು ಹೇಳುತ್ತದೆ. ಅಲ್ಲಿಯೇ ಒಂದು ಗೀರುಚಿತ್ರವೂ ಇದೆ. ಆ ಬಂಡೆಯನ್ನು ಉದ್ದನೆಯ ಬಂಡಿಯ ಮೇಲೆ ಹೇರಲಾಗಿದೆ. ಕೋಣಗಳ ಸಾಲು ಎಳೆಯುತ್ತಿದೆ. ಹಿಂದಿನಿಂದ ಆಳುಗಳು ಗಾಲಿಗೆ ಮರದ ಸನ್ನೆಗೋಲು ಕೊಟ್ಟು ನೂಕುತ್ತಿದ್ದಾರೆ. ಗೆದ್ದವನ ಹೆಸರು ಅಕ್ಷರದಲ್ಲಿದೆ, ಎಳೆದವರು ಚಿತ್ರದಲ್ಲಿ ಮಾತ್ರ ಉಳಿದಿದ್ದಾರೆ. ಯಾವ ಹೊಲದ ನೊಗದಿಂದ ಆ ಕೋಣಗಳನ್ನು ಬಿಚ್ಚಿ ತಂದರೋ, ಆ ವರ್ಷ ಆ ಹೊಲ ಬಿತ್ತನೆ ಕಂಡಿತೋ ಇಲ್ಲವೋ, ಶಾಸನಕ್ಕೆ ಅದು ಬೇಕಾದ ವಿಷಯವಲ್ಲ. ಬಂಡೆ ಸಾಗಿಸುವ ವಿದ್ಯೆಯನ್ನು ಯುದ್ಧ ಹುಟ್ಟಿಸಲಿಲ್ಲ. ಆ ವಿದ್ಯೆ ಗುಡಿ ಕಟ್ಟುವವರಲ್ಲಿ, ಕೆರೆ ಕಟ್ಟುವವರಲ್ಲಿ ಮೊದಲೇ ಇತ್ತು. ಯುದ್ಧ ಅದನ್ನು ಎರವಲು ಪಡೆಯಿತು. (ರಾಯಚೂರಿನ ಕೋಟೆಯಲ್ಲಿ ತೆಲುಗು ಶಾಸನ, ತೆಲಂಗಾಣದ ಕೃಷ್ಣೆಯಲ್ಲಿ ಕನ್ನಡ ಶಾಲೆ: ಗಡಿಗಳಿಗಿಂತ ಭಾಷೆಗಳು ಹೆಚ್ಚು ಸಲೀಸಾಗಿ ಹೊಳೆ ದಾಟಿವೆ.)

ಇನ್ನೂ ಆರು ಶತಮಾನ ಹಿಂದಕ್ಕೆ ಹೋದರೆ ಗದ್ವಾಲದ ಹೆಸರನ್ನೇ ಹೊತ್ತ ಒಂದು ದಾಖಲೆ ಎದುರಾಗುತ್ತದೆ. ಬಾದಾಮಿ ಚಾಲುಕ್ಯರ ಒಂದನೆಯ ವಿಕ್ರಮಾದಿತ್ಯನ, 674ನೆಯ ಇಸವಿಯ ಸಂಸ್ಕೃತ ತಾಮ್ರಶಾಸನವದು. ವಿದ್ವಾಂಸರು ಅದನ್ನು ಗದ್ವಾಲದ ತಾಮ್ರಪಟಗಳೆಂದೇ ಕರೆಯುತ್ತಾರೆ. ಅದರ ಹಿನ್ನೆಲೆಯಲ್ಲಿರುವುದು ಎರಡು ರಾಜಧಾನಿಗಳ ನಡುವಿನ ಹಗೆ. ಇಮ್ಮಡಿ ಪುಲಕೇಶಿ ಪಲ್ಲವರ ಮೇಲೆ ದಂಡೆತ್ತಿ ಹೋದನು. ಪಲ್ಲವ ನರಸಿಂಹವರ್ಮನು 642ರ ಸುಮಾರಿಗೆ ಬಾದಾಮಿಯನ್ನೇ ಹಿಡಿದು, ‘ವಾತಾಪಿಕೊಂಡ’ನೆನಿಸಿ, ಅಲ್ಲಿಯ ಬಂಡೆಯ ಮೇಲೆ ತನ್ನ ಶಾಸನವನ್ನು ಕೊರೆಸಿದನು. ಪುಲಕೇಶಿಯ ಮಗ ವಿಕ್ರಮಾದಿತ್ಯನು 655ರ ಸುಮಾರಿಗೆ ರಾಜ್ಯವನ್ನು ಮತ್ತೆ ಕಟ್ಟಿ ನಿಲ್ಲಿಸಿದನು. ಅನಂತರ ಸೇಡಿನ ದಂಡಯಾತ್ರೆ. ಕಾವೇರಿಯ ದಕ್ಷಿಣ ದಡದ ಉರಗಪುರದ ಬೀಡಿನಿಂದ ಹೊರಟ ಈ ದಾನಶಾಸನದಲ್ಲಿ, ಆಳವಾದ ಕಂದಕವೂ ದಾಟಲಾಗದ ಪ್ರಾಕಾರವೂ ಇದ್ದ ಕಂಚಿಯನ್ನು ಹಿಡಿದದ್ದು, ಮಹಾಮಲ್ಲನ ಕುಲವನ್ನು ಅಳಿಸಿದ್ದು, ಎಲ್ಲವನ್ನೂ ಅವನು ಹೇಳಿಕೊಂಡಿದ್ದಾನೆ. ಪಲ್ಲವರ ಕೂರಂ ತಾಮ್ರಶಾಸನವನ್ನು ತೆರೆದರೆ ಕಥೆ ಬೇರೆ: ಅದರ ಪ್ರಕಾರ ಲಕ್ಷಗಟ್ಟಲೆ ಸೈನ್ಯವಿದ್ದ ವಿಕ್ರಮಾದಿತ್ಯನು ಒಂದು ಚಿಂದಿಯನ್ನು ಹೊದ್ದು ಒಬ್ಬನೇ ಓಡಿಹೋದನು. ಇಬ್ಬರೂ ಗೆದ್ದ ಯುದ್ಧದಲ್ಲಿ ಸೋತವರು ಯಾರೆಂದು ತಾಮ್ರಪಟಗಳು ಹೇಳುವುದಿಲ್ಲ.

ಈ ಹಗೆ ಅಲ್ಲಿಗೆ ನಿಂತಿದ್ದರೆ ಬರೆಯಲು ಹೆಚ್ಚೇನೂ ಇರುತ್ತಿರಲಿಲ್ಲ. ವಿಕ್ರಮಾದಿತ್ಯನ ಮರಿಮಗ, ಅದೇ ಹೆಸರಿನ ಇಮ್ಮಡಿ ವಿಕ್ರಮಾದಿತ್ಯನು ಎಂಟನೆಯ ಶತಮಾನದ ಎರಡನೆಯ ಪಾದದ ಕೊನೆಯ ವರ್ಷಗಳಲ್ಲಿ ಮತ್ತೆ ಕಂಚಿಯನ್ನು ಹಿಡಿದನು. ಬಾದಾಮಿಗೆ ಆದ ಅವಮಾನ ಮನೆತನದ ನೆನಪಿನಲ್ಲಿ ಹಸಿಯಾಗಿಯೇ ಇದ್ದಿರಬೇಕು. ಊರನ್ನು ಸುಡುವ ಶಕ್ತಿ ಅವನಿಗಿತ್ತು. ಆ ಕಾಲದ ರೂಢಿಯೂ ಅದನ್ನು ತಡೆಯುತ್ತಿರಲಿಲ್ಲ. ಅವನು ಸುಡಲಿಲ್ಲ. ಪಲ್ಲವರು ಕಟ್ಟಿಸಿದ ರಾಜಸಿಂಹೇಶ್ವರ ದೇವಾಲಯಕ್ಕೆ, ಅಂದರೆ ಇಂದಿನ ಕೈಲಾಸನಾಥ ಗುಡಿಗೆ, ಹೋಗಿ ಅದರ ಸಂಪತ್ತನ್ನು ಕಂಡು, ಮುಟ್ಟದೆ, ದೇವರಿಗೇ ಬಿಟ್ಟುಕೊಟ್ಟನು. ಅವನ ಮಗ ಎರಡನೆಯ ಕೀರ್ತಿವರ್ಮನ ಕೆಂದೂರು ತಾಮ್ರಶಾಸನವೂ ತಂದೆ ಕಂಚಿಯನ್ನು ನಾಶಮಾಡದೆ ಪ್ರವೇಶಿಸಿದನೆಂಬುದನ್ನು ಹೆಮ್ಮೆಯಿಂದ ಎತ್ತಿ ಹೇಳುತ್ತದೆ. ನಾಶ ಮಾಡಲಿಲ್ಲವೆಂಬುದು ಬಿರುದಿಗೆ ಸಮನಾದ ಮಾತಾದದ್ದು ಇಲ್ಲಿ ಗಮನಿಸಬೇಕಾದ ಸಂಗತಿ.

ಆ ಗುಡಿಯ ಮಂಟಪದ ಕಂಬವೊಂದರಲ್ಲಿ ವಿಕ್ರಮಾದಿತ್ಯನ ಶಾಸನವಿದೆ, ಅದೂ ಕನ್ನಡದಲ್ಲಿ. ಈ ಬರಹವನ್ನು ಅಳಿಸಿದವರಿಗೆ ಘಟಿಕೆಯ ಮಹಾಜನರನ್ನು ಕೊಂದವರ ಗತಿ ಬರಲಿ ಎಂಬ ಶಾಪದ ಮಾತು ಅದರಲ್ಲಿದೆ. ಘಟಿಕೆಯೆಂದರೆ ವಿದ್ಯಾಕೇಂದ್ರ. ಶಾಸನಗಳ ಕೊನೆಯಲ್ಲಿ ಗೋಹತ್ಯೆಯ, ಬ್ರಹ್ಮಹತ್ಯೆಯ ಪಾಪವನ್ನು ನೆನೆಸುವುದು ಸಾಮಾನ್ಯ. ಇಲ್ಲಿ ಶತ್ರುವಿನ ಊರಿನ ಒಂದು ಶಾಲೆಯ ಪಂಡಿತರನ್ನು ಕೊಲ್ಲುವುದೇ ಮಹಾಪಾಪದ ಅಳತೆಗೋಲಾಗಿದೆ. ಇದೇ ಕಂಚಿಯ ಘಟಿಕೆಗೆ ನಾಲ್ಕು ಶತಮಾನಗಳ ಹಿಂದೆ ಬನವಾಸಿ ಸೀಮೆಯ ಮಯೂರಶರ್ಮನೆಂಬ ಯುವಕ ಓದಲು ಹೋಗಿದ್ದನೆಂದೂ, ಪಲ್ಲವರ ಕುದುರೆ ಸವಾರನೊಡನೆ ಜಗಳವಾಗಿ, ಅವಮಾನಿತನಾಗಿ, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದನೆಂದೂ ತಾಳಗುಂದದ ಶಾಸನ ಹೇಳುತ್ತದೆ. ಕದಂಬ ರಾಜ್ಯ ಹುಟ್ಟಿದ್ದು ಒಂದು ಶಾಲೆಯ ಅಂಗಳದಿಂದ ಎಂದರೆ ಅತಿಶಯೋಕ್ತಿಯಾಗದು. ಶಾಲೆಯಿಂದ ಕತ್ತಿಯೂ ಹೊರಟಿದೆ, ಕತ್ತಿ ಶಾಲೆಯನ್ನು ಕಾದದ್ದೂ ಇದೆ. ಶಾಲೆಯೊಂದರ ನೂರನೆಯ ವರ್ಷದಲ್ಲಿ ಇವೆರಡನ್ನೂ ನೆನೆಯುವುದು ಉಚಿತವೆಂದು ನಮಗೆ ತೋರಿತು.

ಇದರ ಫಲವನ್ನು ಕಣ್ಣಾರೆ ಕಾಣಬೇಕಾದರೆ ಪಟ್ಟದಕಲ್ಲಿಗೆ ಹೋಗಬೇಕು. ಗಂಡ ಕಂಚಿಯನ್ನು ಮೂರು ಬಾರಿ ಗೆದ್ದುದರ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ದೇವಾಲಯ ಅಲ್ಲಿದೆ. ಅದನ್ನು ಕಟ್ಟಿದ ಸೂತ್ರಧಾರಿ ಗುಂಡನ ಹೆಸರನ್ನೂ ಅವನಿಗೆ ಸಂದ ತ್ರಿಭುವನಾಚಾರಿ ಎಂಬ ಬಿರುದನ್ನೂ ಕನ್ನಡ ಶಾಸನಗಳು ಉಳಿಸಿವೆ. ರಾಯಚೂರಿನ ಬಂಡೆ ಎಳೆದವರಿಗೆ ದೊರೆಯದ ಭಾಗ್ಯ ಇವನಿಗೆ ದೊರೆಯಿತು. ಆ ಗುಡಿಯಲ್ಲಿ ಕಂಚಿಯ ಕೈಲಾಸನಾಥದ ಛಾಯೆಯನ್ನು ಕಲಾ ಇತಿಹಾಸಕಾರರು ಗುರುತಿಸಿದ್ದಾರೆ. ಕಂಚಿಯನ್ನು ಸುಟ್ಟಿದ್ದರೆ ಈ ಛಾಯೆ ಎಲ್ಲಿಂದ ಬರಬೇಕಿತ್ತು? ನಮ್ಮ ಮಗ್ಗುಲಿನ ಆಲಂಪುರದ ನವಬ್ರಹ್ಮ ದೇವಾಲಯಗಳೂ ಇದೇ ಚಾಲುಕ್ಯರ ಕಾಲದವು; ಪಟ್ಟದಕಲ್ಲು ದೂರವೆನಿಸಿದವರು ಅಲ್ಲಿಗಾದರೂ ಮಕ್ಕಳನ್ನು ಕರೆದೊಯ್ಯಬೇಕು.

ಯುದ್ಧ ಮತ್ತು ನಾಗರಿಕತೆಯ ಮಾತು ಬಂದಾಗ ಅಶೋಕನ ಕಳಿಂಗವನ್ನು ಹೇಳದಿರುವವರಿಲ್ಲ. ಅವನ ಹೆಸರನ್ನು ‘ಅಶೋಕ’ ಎಂದು ಸ್ಪಷ್ಟವಾಗಿ ಹೇಳಿದ ಶಾಸನ 1915ರಲ್ಲಿ ನಮ್ಮ ಎಡೆದೊರೆಯ ಮಸ್ಕಿಯಲ್ಲಿಯೇ ಸಿಕ್ಕಿತೆಂಬುದನ್ನು ನೆನಪಿಸಿ, ಆ ಪರಿಚಿತ ಕಥೆಯನ್ನು ಇಲ್ಲಿಗೆ ಬಿಡುತ್ತೇವೆ. ಅಷ್ಟು ಪ್ರಸಿದ್ಧವಲ್ಲದ ಇನ್ನೊಂದು ಪ್ರಸಂಗ ಈ ನೆಲದ್ದೇ ಆಗಿದೆ.

ಬಹಮನಿ ಮತ್ತು ವಿಜಯನಗರ ರಾಜ್ಯಗಳು ಹುಟ್ಟಿ ಇನ್ನೂ ಎರಡು ಮೂರು ದಶಕಗಳಾಗಿದ್ದವು. 1366ರ ಸುಮಾರಿನಲ್ಲಿ ಒಂದನೆಯ ಮುಹಮ್ಮದ್ ಶಾಹನು ಪಾನಗೋಷ್ಠಿಯಲ್ಲಿ ಹಾಡಿದವರಿಗೆ ಕೊಡಬೇಕಾದ ಹಣವನ್ನು ವಿಜಯನಗರದ ಬೊಕ್ಕಸದಿಂದ ವಸೂಲು ಮಾಡಿಕೊಳ್ಳಿರೆಂದು ಬರೆದುಕೊಟ್ಟನಂತೆ. ಬುಕ್ಕರಾಯನು ಆ ಪತ್ರ ತಂದವನನ್ನು ಕತ್ತೆಯ ಮೇಲೆ ಮೆರೆಸಿ, ತುಂಗಭದ್ರೆಯನ್ನು ದಾಟಿ, ಮುದಗಲ್ಲನ್ನು ಹಿಡಿದು ಅಲ್ಲಿದ್ದವರನ್ನು ಕೊಲ್ಲಿಸಿದನು. ಸುದ್ದಿ ತಂದವನೊಬ್ಬನೇ ಉಳಿದದ್ದು. ಅವನನ್ನು ಸುಲ್ತಾನನು, ಅಷ್ಟು ಜನ ಸತ್ತಾಗ ನೀನೇಕೆ ಬದುಕಿದೆಯೆಂದು ಕೊಲ್ಲಿಸಿದನು. ಲಕ್ಷ ಜನರನ್ನು ಕೊಲ್ಲುವೆನೆಂದು ಶಪಥ ಮಾಡಿ ಕೃಷ್ಣೆಯನ್ನು ದಾಟಿದನು. ಮುಂದಿನದು ಊರೂರಿನ ಸಂಹಾರ. ಗಂಡಸರು ಹೆಂಗಸರೆಂಬ ಭೇದವಿಲ್ಲದೆ, ಆಯುಧ ಹಿಡಿದವರು ಹಿಡಿಯದವರೆಂಬ ಭೇದವಿಲ್ಲದೆ ಜನ ಸತ್ತರು. ಒಬ್ಬ ದೊರೆಯ ಮೋಜು ಮತ್ತು ಇನ್ನೊಬ್ಬನ ಕೋಪ ಇವೆರಡಕ್ಕೆ ತೆತ್ತ ಬೆಲೆಯಿದು.

ಇದನ್ನೆಲ್ಲ ಬರೆದವನು ಫರಿಶ್ತಾ, ಇನ್ನೂರೈವತ್ತು ವರ್ಷಗಳ ನಂತರ ಬಿಜಾಪುರದ ಆಸ್ಥಾನದಲ್ಲಿದ್ದವನು. ಅವನ ಸಂಖ್ಯೆಗಳನ್ನು ನಾವು ನಂಬಬೇಕಿಲ್ಲ. ಆದರೆ ಕಥೆಯ ಕೊನೆಯಲ್ಲಿ ಅವನು ಹೇಳುವ ಮಾತು ಆಸ್ಥಾನ ಲೇಖಕನೊಬ್ಬನು ಸುಮ್ಮನೆ ಕಟ್ಟಿ ಹೇಳುವಂಥದಲ್ಲ. ಸಂಧಾನಕ್ಕೆ ಬಂದ ವಿಜಯನಗರದ ರಾಯಭಾರಿಗಳು ಸುಲ್ತಾನನಿಗೆ ಒಂದು ಸರಳವಾದ ಯುಕ್ತಿಯನ್ನು ತಿಳಿಸಿದರು: ಎರಡೂ ರಾಜ್ಯಗಳು ನೆರೆಹೊರೆಯವು, ಎರಡೂ ವಂಶಗಳಲ್ಲಿ ಇನ್ನೂ ಅನೇಕ ದೊರೆಗಳು ಬರುವವರಿದ್ದಾರೆ, ಆದ್ದರಿಂದ ಮುಂದಿನ ಯುದ್ಧಗಳಲ್ಲಿ ನಿರಾಯುಧರನ್ನು ಕೊಲ್ಲುವುದಿಲ್ಲವೆಂದು ಒಪ್ಪಂದವಾಗಲಿ. ಸುಲ್ತಾನನಿಗೆ ಮಾತು ನಾಟಿತು. ಗೆದ್ದ ಮೇಲೆ ಶತ್ರುಗಳಲ್ಲಿ ಒಬ್ಬನನ್ನೂ ಕೊಲ್ಲುವುದಿಲ್ಲವೆಂದೂ, ತನ್ನ ನಂತರದವರೂ ಹೀಗೆಯೇ ನಡೆಯುವಂತೆ ಕಟ್ಟು ಮಾಡುವೆನೆಂದೂ ಆಣೆಯಿಟ್ಟನು. ಅಂದಿನಿಂದ ದಖ್ಖನಿನಲ್ಲಿ ಸೆರೆಸಿಕ್ಕವರನ್ನು ಉಳಿಸುವ, ನಿರಾಯುಧ ಪ್ರಜೆಗಳನ್ನು ಕೊಲ್ಲದಿರುವ ರೂಢಿ ನಿಂತಿತೆಂದು ಫರಿಶ್ತಾ ಬರೆಯುತ್ತಾನೆ. ಜಿನೀವಾದಲ್ಲಿ ಯುದ್ಧದ ಗಾಯಾಳುಗಳ ಕುರಿತು ಮೊದಲ ಒಪ್ಪಂದವಾದದ್ದು 1864ರಲ್ಲಿ. ಅದಕ್ಕಿಂತ ಸುಮಾರು ಐನೂರು ವರ್ಷ ಮೊದಲು ನಮ್ಮ ಎರಡು ಹೊಳೆಗಳ ನೆಲದ ಜಗಳದಲ್ಲಿ ಇಂಥ ಮಾತುಕತೆ ನಡೆದಿತ್ತೆಂಬುದು ನಮ್ಮ ಮಕ್ಕಳಿಗೆ ತಿಳಿದಿರಬೇಕು.

ಆ ಆಣೆ ಉಳಿಯಿತೇ? ಉಳಿಯಲಿಲ್ಲ. ಅರವತ್ತು ವರ್ಷ ಕಳೆಯುವುದರೊಳಗೆ ಅಹಮದ್ ಶಾಹನು ಅದನ್ನು ಮುರಿದ ಬಗೆಯನ್ನೂ, ಸತ್ತವರ ಎಣಿಕೆ ಇಪ್ಪತ್ತು ಸಾವಿರಕ್ಕೆ ಮುಟ್ಟಿದಾಗಲೆಲ್ಲ ಮೂರು ದಿನ ನಿಂತು ಉತ್ಸವ ಮಾಡುತ್ತಿದ್ದನೆಂಬುದನ್ನೂ ಅದೇ ಫರಿಶ್ತಾ ದಾಖಲಿಸಿದ್ದಾನೆ. ಮುರಿದದ್ದನ್ನು ಮುರಿದದ್ದೆಂದು ಗುರುತಿಸಲು ಒಂದು ಕಟ್ಟಳೆ ಮೊದಲು ಇರಬೇಕಾಗುತ್ತದೆ. ನಾಗರಿಕತೆಯು ಯುದ್ಧದಿಂದ ಹುಟ್ಟಿದ್ದಲ್ಲ, ಯುದ್ಧವನ್ನು ಇಲ್ಲವಾಗಿಸಿದ್ದೂ ಅಲ್ಲ. ಗೆದ್ದವನ ಕೈಗೆ ಅದು ಹಾಕಿದ ಕಟ್ಟಿನಲ್ಲಿ ಅದರ ಅಳತೆ ಸಿಗುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಈ ಅಳತೆಯನ್ನು ಹಿಡಿದು 1520ರ ರಾಯಚೂರು ಯುದ್ಧವನ್ನು ನೋಡಬೇಕು. ಪೋರ್ಚುಗೀಸ್ ಕುದುರೆ ವ್ಯಾಪಾರಿ ನ್ಯೂನಿಜ್ ಹದಿನೈದು ವರ್ಷಗಳ ನಂತರ ಬರೆದಿಟ್ಟ ವೃತ್ತಾಂತ ಇದಕ್ಕೆ ಮುಖ್ಯ ಆಧಾರ. ಕೃಷ್ಣದೇವರಾಯನ ಏಳು ಲಕ್ಷ ಕಾಲಾಳುಗಳ ಲೆಕ್ಕವನ್ನು ಅನುಮಾನದಿಂದಲೇ ಓದಬೇಕು. ಆದರೆ ವಿವರಗಳಲ್ಲಿ ಕಣ್ಣಿನ ಸಾಕ್ಷಿಯ ವಾಸನೆಯಿದೆ. ರಾಯಚೂರಿಗೆ ಮುತ್ತಿಗೆ ಹಾಕಿದಾಗ ಗೋಡೆಯಿಂದ ಕಿತ್ತ ಕಲ್ಲಿಗೆ, ಅದರ ಗಾತ್ರಕ್ಕೆ ತಕ್ಕಂತೆ, ದಳವಾಯಿಗಳು ಹಣ ಕೊಡುತ್ತಿದ್ದರಂತೆ. ಮೇಲಿನಿಂದ ಬಾಣ, ಗುಂಡು ಬೀಳುತ್ತಿದ್ದಾಗ ಹಾರೆ ಹಿಡಿದು ಗೋಡೆಯ ಬುಡಕ್ಕೆ ಹೋದ ಆಳುಗಳ ಸ್ಥಿತಿಯನ್ನು ಊಹಿಸಿಕೊಳ್ಳಬಹುದು. ಎರಡು ಶತಮಾನಗಳ ಹಿಂದೆ ಕೋಣಗಳು ಎಳೆದು ತಂದದ್ದನ್ನು ಈಗ ಮನುಷ್ಯರು ಕೂಲಿಗಾಗಿ ಕೀಳುತ್ತಿದ್ದರು.

ಮುತ್ತಿಗೆಯನ್ನು ಬಿಡಿಸಲು ಬಂದ ಇಸ್ಮಾಯಿಲ್ ಆದಿಲ್ ಶಾಹನು ಕೃಷ್ಣೆಯನ್ನು ದಾಟಿ, ಹೊಳೆಗೆ ಬೆನ್ನು ಮಾಡಿ ನಿಂತನು. ಮೇ 19ರ ಶನಿವಾರ ಯುದ್ಧವಾಯಿತು. ಅವನ ಫಿರಂಗಿಗಳು ಮೊದಲು ರಾಯರ ಸೈನ್ಯವನ್ನು ಚದುರಿಸಿದವು. ಅನಂತರ ರಾಯನೇ ಮುನ್ನುಗ್ಗಿ ದಿನದ ಗತಿಯನ್ನು ಬದಲಿಸಿದನು. ಸೋತ ಸೈನ್ಯಕ್ಕೆ ಹೊಳೆಯೊಂದೇ ದಾರಿ. ಬೆನ್ನಟ್ಟಿದವರ ಕತ್ತಿಗೂ ನೀರಿಗೂ ಸಿಕ್ಕಿ ಸಾವಿರಾರು ಜನ, ಕುದುರೆ, ಆನೆ ನಾಶವಾದವು. ನಾವು ದಿನವೂ ನೋಡುವ ಈ ಹೊಳೆಯೇ ಅದು. ದಡಕ್ಕೆ ಬಂದ ಕೃಷ್ಣದೇವರಾಯನು ಆ ದೃಶ್ಯ ಕಂಡು, ಸಾಯುತ್ತಿರುವವರು ತಪ್ಪು ಮಾಡಿದವರಲ್ಲ, ತನಗೆ ಅನ್ಯಾಯ ಮಾಡಿದ ದೊರೆ ಅದಕ್ಕೆ ತಕ್ಕುದನ್ನು ಆಗಲೇ ತೆತ್ತಿದ್ದಾನೆ ಎಂಬರ್ಥದ ಮಾತಾಡಿ, ಹೊಳೆ ದಾಟಿ ಬೆನ್ನಟ್ಟಬೇಕೆಂದವರನ್ನು ತಡೆದು, ಸೈನ್ಯವನ್ನು ಹಿಂದಕ್ಕೆ ಕರೆದನೆಂದು ನ್ಯೂನಿಜ್ ಹೇಳುತ್ತಾನೆ. ರಾಯಚೂರು ವಶವಾದಾಗಲೂ ಊರವರ ಆಸ್ತಿಯನ್ನು ಯಾರೂ ಮುಟ್ಟಬಾರದೆಂದು ಆಜ್ಞೆಯಾಯಿತು. ಪರೀಕ್ಷೆಯ ಪ್ರಶ್ನೆಯಲ್ಲಿ ಗೆಲುವು ಇರುತ್ತದೆ, ಹೊಳೆಯ ದಡದ ಈ ನಿಲುಗಡೆ ಇರುವುದಿಲ್ಲ. ನಮ್ಮ ಮಟ್ಟಿಗೆ ಆ ವರ್ಷದ ದೊಡ್ಡ ಸಂಗತಿ ಎರಡನೆಯದೇ.

ಆದರೆ ಅದೇ ರಾಯನು ಸಂಧಾನಕ್ಕೆ ಬಂದ ಬಿಜಾಪುರದ ದೂತರಿಗೆ ಏನು ಹೇಳಿದನು? ನಿಮ್ಮ ದೊರೆ ಬಂದು ನನ್ನ ಪಾದಕ್ಕೆ ಮುತ್ತಿಡಲಿ, ಎಲ್ಲವನ್ನೂ ಮರಳಿ ಕೊಡುವೆನು ಎಂದನು. ಇಸ್ಮಾಯಿಲ್ ಬರಲಿಲ್ಲ, ರಾಯನು ಬಿಜಾಪುರಕ್ಕೇ ಹೋದನು, ಸೈನಿಕರು ಸೌದೆಗಾಗಿ ಮನೆಗಳನ್ನು ಕಿತ್ತು ಆ ಚೆಲುವಾದ ನಗರವನ್ನು ಹಾಳುಗೆಡವಿದರು. ಕಲಬುರಗಿಯ ಕೋಟೆಗೂ ಅದೇ ಗತಿಯಾಯಿತು. ಗೆದ್ದ ದಿನ ಕೈ ಹಿಡಿದ ವಿವೇಕ ಗೆದ್ದ ಮರುದಿನಗಳಲ್ಲಿ ಕೈಬಿಟ್ಟಿತು. ಸೋತವನ ಪ್ರಾಣವನ್ನು ಉಳಿಸಿದವನೇ ಅವನ ಮಾನವನ್ನು ಕೇಳಿದ್ದು ಇಲ್ಲಿಯ ವಿಪರ್ಯಾಸ. 1565ರ ಜನವರಿಯಲ್ಲಿ ದಖ್ಖನಿನ ಸುಲ್ತಾನರು ಒಟ್ಟಾಗಿ ರಾಮರಾಯನನ್ನು ಕೊಂದು ವಿಜಯನಗರವನ್ನು ತಿಂಗಳುಗಟ್ಟಲೆ ಸುಲಿದರು. ಅದಕ್ಕೆ ಬೇರೆ ಅನೇಕ ಕಾರಣಗಳಿದ್ದವು ನಿಜ. ನಡುವಿನ ವರ್ಷಗಳಲ್ಲಿ ಕೂಡುತ್ತ ಬಂದ ಅವಮಾನಗಳ ಲೆಕ್ಕವೂ ಅವುಗಳಲ್ಲೊಂದು. (ಆ ಯುದ್ಧದೊಡನೆ ಹೆಸರು ಸೇರಿರುವ ರಕ್ಕಸಗಿ–ತಂಗಡಗಿಗಳು ಮೇಲ್ಹರಿವಿನ ವಿಜಯಪುರ ಸೀಮೆಯವು, ನಮ್ಮ ತಂಗಡಿಯಲ್ಲ.)

ಮುಂದಿನ ಒಂದೂವರೆ ಶತಮಾನ ಆದಿಲಶಾಹಿ, ಮೊಗಲ, ಮರಾಠ ದಂಡುಗಳ ಓಡಾಟದ ಕಾಲ. ನಾರಾಯಣಪೇಟೆಯ ನೇಕಾರಿಕೆ ಶಿವಾಜಿಯ ದಂಡಿನೊಡನೆ ಬಂದು ಇಲ್ಲೇ ಉಳಿದ ನೇಯ್ಗೆಯವರಿಂದ ಆರಂಭವಾಯಿತೆಂಬ ಪ್ರತೀತಿಯಿದೆ. ಅದಕ್ಕೆ 1630 ಎಂಬ ಇಸವಿಯನ್ನೂ ಕೊಡುವವರಿದ್ದಾರೆ. ಅದು ಶಿವಾಜಿ ಹುಟ್ಟಿದ ವರ್ಷ. ಅವನು ಗೋಲ್ಕೊಂಡೆಗೆ ಬಂದು ಕೃಷ್ಣೆಯನ್ನು ದಾಟಿ ದಕ್ಷಿಣಕ್ಕೆ ಹೋದದ್ದು 1677ರಲ್ಲಿ. ಇಸವಿ ಹೊಂದದಿದ್ದರೂ ಪ್ರತೀತಿಯಲ್ಲಿ ಒಂದು ಒಳನೋಟವಿದೆ: ದಂಡು ಹೋಯಿತು, ಮಗ್ಗ ಉಳಿಯಿತು ಎಂದು ಜನ ನೆನಪಿಟ್ಟುಕೊಂಡರು. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಸೋಮಭೂಪಾಲನು ಕಟ್ಟಿಸಿದ ಗದ್ವಾಲದ ಕೋಟೆಯನ್ನು ನೋಡಲು ಹೋಗುವವರಿಗಿಂತ ಗದ್ವಾಲದ ಸೀರೆ ಕೊಳ್ಳಲು ಹೋಗುವವರೇ ಇಂದು ಹೆಚ್ಚು.

ನಮ್ಮ ಶಾಲೆಯ ನೂರು ವರ್ಷಗಳೊಳಗೆ ಈ ನೆಲ ಕಂಡ ಸೈನಿಕ ಕಾರ್ಯಾಚರಣೆ 1948ರದು. ಸೆಪ್ಟೆಂಬರ್ 13ರಂದು ಭಾರತದ ಸೇನೆ ಹೈದರಾಬಾದ್ ಸಂಸ್ಥಾನವನ್ನು ಹೊಕ್ಕಿತು. 17ರಂದು ನಿಜಾಮರು ಶರಣಾದರು. ಅದಕ್ಕೆ ಮುಂಚಿನ ತಿಂಗಳುಗಳಲ್ಲಿ ರಜಾಕಾರರು ನಡೆಸಿದ ಹಾವಳಿಯ ಕಥೆಗಳು ನಮ್ಮ ಮನೆಗಳಲ್ಲಿ ಉಳಿದಿವೆ. ಅನಂತರದ ವಾರಗಳಲ್ಲಿ ಸಂಸ್ಥಾನದ ಹಲವೆಡೆ ಸಾಮಾನ್ಯ ಮುಸಲ್ಮಾನರ ಮೇಲೆ ಸೇಡು ತೀರಿಸಿಕೊಂಡ ಕಥೆಗಳು ಬೇರೆ ಮನೆಗಳಲ್ಲಿ ಉಳಿದಿವೆ. ಕೇಂದ್ರ ಸರಕಾರ ಕಳುಹಿಸಿದ ಪಂಡಿತ ಸುಂದರಲಾಲರ ಸಮಿತಿ ಸತ್ತವರ ಸಂಖ್ಯೆಯನ್ನು 27,000ದಿಂದ 40,000ದವರೆಗೆ ಎಂದು ಅಂದಾಜು ಮಾಡಿತು. ಆ ವರದಿ ದಶಕಗಳ ಕಾಲ ಬೆಳಕು ಕಾಣಲಿಲ್ಲ. ಈ ಎರಡು ಬಗೆಯ ಮನೆಗಳ ಮಕ್ಕಳೂ ನಮ್ಮಲ್ಲಿ ಒಂದೇ ಬೆಂಚಿನ ಮೇಲೆ ಕುಳಿತು ಓದಿದ್ದಾರೆ. ಒಂದು ಬಗೆಯ ಕಥೆಯನ್ನಷ್ಟೇ ಗಟ್ಟಿಯಾಗಿ ಹೇಳಿ ಇನ್ನೊಂದನ್ನು ಪಿಸುಮಾತಿಗೆ ಬಿಡುವ ಇತಿಹಾಸದ ಪಾಠ ಅವರಿಬ್ಬರಿಗೂ ಮಾಡುವ ಅನ್ಯಾಯವೇ ಆಗುತ್ತದೆ. ಕಂಚಿಯ ಕಂಬವನ್ನೂ ಕೃಷ್ಣೆಯ ದಡದ ನಿಲುಗಡೆಯನ್ನೂ ಹೆಮ್ಮೆಯಿಂದ ಹೇಳುವವರು 1948ರ ಕೊನೆಯ ತಿಂಗಳುಗಳನ್ನೂ ಹೇಳಬೇಕಾಗುತ್ತದೆ.

1956ರ ನವೆಂಬರ್ 1ರಂದು ಎಡೆದೊರೆ ಮತ್ತೊಮ್ಮೆ ಹಂಚಿಕೆಯಾಯಿತು. ರಾಯಚೂರು ಜಿಲ್ಲೆ ಮೈಸೂರಿಗೆ ಸೇರಿತು. ಅದರ ಗದ್ವಾಲ ಮತ್ತು ಆಲಂಪುರ ತಾಲೂಕುಗಳು ಆಂಧ್ರಪ್ರದೇಶಕ್ಕೆ ಸಂದವು. ಈ ದಡದಲ್ಲಿ ನಮ್ಮಂಥ ಕನ್ನಡ ಶಾಲೆಗಳು, ಆ ದಡದಲ್ಲಿ ತೆಲುಗು ಮಾತಿನ ಹಳ್ಳಿಗಳು ಉಳಿದವು. ಎರಡೂ ಕಡೆ ಅಸಮಾಧಾನವಿತ್ತು, ಅರ್ಜಿಗಳಿದ್ದವು. ಆದರೆ ಎರಡು ಶತಮಾನ ಸುಲ್ತಾನರೂ ರಾಯರೂ ಬಡಿದಾಡಿದ ನೆಲ ಸಂಸತ್ತಿನ ಒಂದು ಕಾಯಿದೆಯಿಂದ ಭಾಗವಾಯಿತು. ಅನಂತರದ ಜಗಳ ನೀರಿನದು. 1969ರಲ್ಲಿ ನೇಮಕವಾದ ಬಚಾವತ್ ನ್ಯಾಯಮಂಡಳಿ ಕೃಷ್ಣೆಯ ನೀರಿನಲ್ಲಿ ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಪ್ರದೇಶಕ್ಕೆ 800 ಟಿಎಂಸಿ ಹಂಚಿತು. ತುಂಗಭದ್ರೆಯ ರಾಜೋಳಿಬಂಡೆಯ ಅಣೆಕಟ್ಟಿನ ಕಾಲುವೆಯಲ್ಲಿ ರಾಯಚೂರಿನ ಕಡೆಯ ಹೊಲಗಳಿಗೆ 1.2 ಟಿಎಂಸಿ, ಗದ್ವಾಲ–ಆಲಂಪುರದ ಕಡೆಗೆ 15.9 ಟಿಎಂಸಿ ಎಂದು ನಿಗದಿಯಾಯಿತು. ಕಾಲುವೆಯ ಕೊನೆಯ ಹೊಲದವರು ತಮ್ಮ ಪಾಲು ಪೂರ್ತಿ ಬರುವುದಿಲ್ಲವೆಂದು ಇಂದಿಗೂ ದೂರುತ್ತಾರೆ. ರಾಜ್ಯಗಳು ಎರಡನೆಯ ನ್ಯಾಯಮಂಡಳಿಯ ಮುಂದೆ ವಾದಿಸುತ್ತಲೇ ಇವೆ. ಬಿಸಿಲುಗಾಲದಲ್ಲಿ ಹೊಳೆ ಸೊರಗಿ ಬಂಡೆಗಳು ಮೇಲೆದ್ದಾಗ ಈ ವಾದದ ದನಿ ಏರುತ್ತದೆ, ಮಳೆ ಬಿದ್ದಾಗ ತಗ್ಗುತ್ತದೆ. ಕಡತಗಳು ಒಂದು ಕಚೇರಿಯಿಂದ ಇನ್ನೊಂದಕ್ಕೆ ಸಾಗುತ್ತಿವೆ.